ಕಲ್ಲೊಳಗಿನ ಕಪ್ಪೆ ಮತ್ತು ಒಂದು ಪ್ರಶ್ನೆ



"ದೊಡ್ಡವನಾದ ಮೇಲೆ ಏನಾಗುತ್ತೀಯಪ್ಪ?" ಎಂದು ಮನೆಗೆ ಬಂದ ನೆಂಟರೆಲ್ಲ ನಿಮ್ಮನ್ನು ಕೇಳಿರುತ್ತಾರೆ. ಡಾಕ್ಟರು, ಇಂಜಿನಿಯರು, ಟೀಚರು ಎಂದು ನೀವೂ ಒಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತೀರಿ. ಆದರೆ "ದೊಡ್ಡವರಾಗುವುದು ಎಂದರೇನು?" ಎಂದು ಯಾರಾದರೂ ಕೇಳಿದ್ದಾರೆಯೇ? ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಏಳೆಂಟು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾನು ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಗೆ ಹೋಗಿದ್ದೆ. ಹಳೇಬೀಡಿನ ಕಡೆಯ ಬಯಲುಸೀಮೆ ಹಿಂದೆ ಉಳಿದು, ಕಾಫಿ ತೋಟ, ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಾಣತೊಡಗುವ ಸೀಮೆ ಅದು. ಪ್ರವಾಸಿಗರು ಬೇಲೂರಿನ ದೇವಾಲಯವನ್ನು ಬದುಕಿನಲ್ಲಿ ಒಮ್ಮೆಯೋ ಎರಡು ಸಲವೋ ನೋಡುತ್ತಾರೆ. ಅಲ್ಲಿನ ಮಕ್ಕಳಿಗೆ ಅದು ಅಪ್ಪನ ಜೊತೆ ಪೇಟೆಗೆ ಹೋದಾಗಲೆಲ್ಲ ಕಾಣುವ ಗೋಪುರ.

ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕ್ಯಾಮೆರಾ ಇಟ್ಟೆವು. ಮೊದಲು ಎಲ್ಲರೂ ಬಾಯಿಪಾಠದ ಉತ್ತರಗಳನ್ನೇ ಹೇಳಿದರು. ಸುಳ್ಳು ಹೇಳಬಾರದು, ಹಿರಿಯರಿಗೆ ಗೌರವ ಕೊಡಬೇಕು, ಚೆನ್ನಾಗಿ ಓದಬೇಕು. ಸ್ವಲ್ಪ ಹೊತ್ತಾದ ಮೇಲೆ ಕ್ಯಾಮೆರಾದ ಭಯ ಹೋಯಿತು, ನಿಜವಾದ ಮಾತು ಬಂತು. "ದೊಡ್ಡೋನಾದ್ರೆ ಮರಗಸಿಗೆ ಏಣಿ ಹತ್ತಬಹುದು ಸಾರ್, ಈಗ ನಮ್ಮಪ್ಪ ಬಿಡಲ್ಲ" ಎಂದ ಒಬ್ಬ ಹುಡುಗ. ತೋಟದಲ್ಲಿ ಕಾಫಿ ಗಿಡಕ್ಕೆ ಬೇಕಾದಷ್ಟು ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸವೇ ಮರಗಸಿ. ಕಷ್ಟದ ಕೆಲಸ, ಅಪಾಯದ್ದೂ ಹೌದು. ಇನ್ನೊಬ್ಬಳು, "ದಾರೀಲಿ ಕಾಡಾನೆ ಐತೆ ಅಂದ್ರೂ ಒಬ್ಳೇ ಶಾಲೆಗೆ ಬರೋದು" ಎಂದಳು. ಆ ಭಾಗದಲ್ಲಿ ಇದು ತಮಾಷೆಯ ಮಾತಲ್ಲ. ಹಿಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗನೊಬ್ಬ ಮೆಲ್ಲಗೆ, "ದೊಡ್ಡೋರಾದ್ರೆ ತಪ್ಪು ಮಾಡಿದ್ರೂ ಯಾರೂ ಬೈಯಲ್ಲ ಸಾರ್" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ಸ್ವಲ್ಪ ಹೊತ್ತಿನಲ್ಲೇ ನನಗೇ ಅನ್ವಯಿಸಲಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಕಾರ್ಯಕ್ರಮದ ಕೊನೆಗೆ ಒಂದು ನೀತಿಕಥೆ ಇರಲಿ ಎಂದು ಅದೇ ಸೀಮೆಯ ಕಪ್ಪೆ ಚೆನ್ನಿಗರಾಯನ ಕಥೆಯನ್ನು ನಾನು ಮಕ್ಕಳಿಗೆ ಹೇಳಿದೆ. ನಿಮಗೂ ಅದು ಗೊತ್ತಿರಬಹುದು. ಕಲೆಯ ಹುಚ್ಚು ಹಿಡಿದು ಮನೆ ಬಿಟ್ಟ ಮಹಾಶಿಲ್ಪಿ ಜಕಣಾಚಾರಿ ಬೇಲೂರಿನಲ್ಲಿ ದೇವರ ವಿಗ್ರಹವನ್ನು ಕೆತ್ತಿ ಮುಗಿಸಿದ್ದಾನೆ. ಪ್ರತಿಷ್ಠೆಗೆ ಎಲ್ಲ ಸಿದ್ಧವಾಗಿದೆ. ಆಗ ಎಲ್ಲಿಂದಲೋ ಬಂದ ಡಂಕಣನೆಂಬ ಹುಡುಗ, "ಈ ಕಲ್ಲಿನಲ್ಲಿ ದೋಷವಿದೆ" ಎನ್ನುತ್ತಾನೆ. ದೋಷವಿದ್ದರೆ ನನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದು ಶಿಲ್ಪಿ ಸಿಟ್ಟಿನಿಂದ ಪ್ರತಿಜ್ಞೆ ಮಾಡುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಹಚ್ಚುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಜೊತೆಗೆ ಒಂದು ಜೀವಂತ ಕಪ್ಪೆ! ಮಾತಿನಂತೆ ಶಿಲ್ಪಿ ಕೈ ಕತ್ತರಿಸಿಕೊಳ್ಳುತ್ತಾನೆ. ಆ ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯುತ್ತದೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಗುಡಿ ಕಟ್ಟಿದಾಗ ದೇವರ ದಯೆಯಿಂದ ಕೈ ಮರಳಿ ಬಂತು ಎಂದು ಕಥೆ ಮುಗಿಯುತ್ತದೆ.

ಕಥೆ ಮುಗಿಸಿ, "ಇದರಿಂದ ನಿಮಗೆ ಏನು ತಿಳಿಯಿತು ಮಕ್ಕಳೇ?" ಎಂದು ಕೇಳಿದೆ. "ಕೊಟ್ಟ ಮಾತಿಗೆ ತಪ್ಪಬಾರದು" ಎಂಬ ಉತ್ತರ ನನಗೆ ಬೇಕಾಗಿತ್ತು. ಅಷ್ಟರಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಕಲ್ಲೊಳಗೆ ಆ ಕಪ್ಪೆ ಹೆಂಗೆ ಉಸಿರಾಡ್ತಿತ್ತು? ಏನು ತಿಂತಿತ್ತು?"

ನಾನು ವಿಜ್ಞಾನದ ಪದವೀಧರ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಹಾಗೆ ಹೇಳಲಿಲ್ಲ. "ಕಥೆ ಅಂದ್ಮೇಲೆ ಹಾಗೆಲ್ಲ ಕೇಳಬಾರದಮ್ಮ, ಕೂತ್ಕೋ" ಎಂದೆ. ಉಳಿದ ಮಕ್ಕಳು ನಕ್ಕರು. ಅವಳು ಮುಖ ಸಣ್ಣದು ಮಾಡಿಕೊಂಡು ಕುಳಿತಳು. ಬೆಂಗಳೂರಿಗೆ ಬಂದು ಸಂಕಲನಕ್ಕೆ ಕುಳಿತಾಗ ಆ ಭಾಗವನ್ನು ಕತ್ತರಿಸಿ ತೆಗೆದೆ. ಸಮಯ ಸಾಲದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಸಾಲದೆ ಹೋದದ್ದು ಸಮಯವಲ್ಲ, ನನ್ನ ಧೈರ್ಯ. ಕಾರ್ಯಕ್ರಮ ಪ್ರಸಾರವಾಯಿತು, ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದರು. ತಪ್ಪು ಮಾಡಿದರೂ ನನ್ನನ್ನು ಯಾರೂ ಬೈಯಲಿಲ್ಲ. ಆ ಪುಟ್ಟ ಹುಡುಗ ಹೇಳಿದ ಅರ್ಥದಲ್ಲಿ ನಾನು ಪೂರ್ತಿ ದೊಡ್ಡವನಾಗಿದ್ದೆ.

ಈಗ ಆ ಕಥೆಯನ್ನು ನೀವೂ ನಾನೂ ಸೇರಿ ಇನ್ನೊಮ್ಮೆ ನೋಡೋಣ. ಡಂಕಣ ಏನು ಮಾಡಿದ? ಮೊದಲು ಕಲ್ಲನ್ನು ಗಮನವಿಟ್ಟು ನೋಡಿದ. ಕಂಡದ್ದನ್ನು ಹೇಳಿದ. ಎದುರಿಗಿದ್ದವನು ದೊಡ್ಡ ಹೆಸರಿನ ಶಿಲ್ಪಿ, ಸುತ್ತ ನೆರೆದವರು ಹಿರಿಯರು. ಆದರೂ ಹೇಳಿದ. ಅಲ್ಲಿಗೇ ಅವನ ಕೆಲಸ ಮುಗಿಯಲಿಲ್ಲ. "ನಾನು ಹೇಳಿದ್ದೇ ಸರಿ" ಎಂದು ಹಠ ಹಿಡಿದು ನಿಲ್ಲದೆ, ತನ್ನ ಮಾತನ್ನೂ ಪರೀಕ್ಷೆಗೆ ಒಡ್ಡಿದ. ಗಂಧ ಎಲ್ಲ ಕಡೆ ಒಣಗಿದ್ದರೆ ಸೋಲುತ್ತಿದ್ದವನು ಅವನೇ. ಗಂಧ ಹಚ್ಚಿ ನೋಡುವ ಉಪಾಯವಂತೂ ನಿಮ್ಮ ಶಾಲೆಯ ಪ್ರಯೋಗಾಲಯಕ್ಕೆ ಒಪ್ಪುವಂಥದ್ದು. ಒಳಗೆ ತೇವವಿರುವ ಕಡೆ ಹೊರಗಿನ ಲೇಪ ಬೇಗ ಒಣಗದು ಎಂಬ ತರ್ಕ ಅದರಲ್ಲಿದೆ. ಅಲ್ಲಿ ವಾದ ಗಂಟಲಿನ ಬಲದಿಂದ ತೀರ್ಮಾನವಾಗಲಿಲ್ಲ, ಎಲ್ಲರ ಕಣ್ಣಿಗೂ ಕಾಣುವ ಸಾಕ್ಷಿಯಿಂದ ತೀರ್ಮಾನವಾಯಿತು.

ಜಕಣಾಚಾರಿ ಏನು ಮಾಡಿದ? ಸಿಟ್ಟಾದ. ಅದು ಸಹಜ. ವರ್ಷಗಟ್ಟಲೆ ದುಡಿದ ಕೆಲಸಕ್ಕೆ ಒಬ್ಬ ಹುಡುಗ ಹೆಸರಿಟ್ಟರೆ ಯಾರಿಗೆ ಸಿಟ್ಟು ಬರದು? ಆದರೆ ಹುಡುಗನನ್ನು ಅಲ್ಲಿಂದ ಓಡಿಸಲಿಲ್ಲ. ಪರೀಕ್ಷೆಗೆ ಒಪ್ಪಿದ. ಫಲಿತಾಂಶ ತನಗೆ ವಿರುದ್ಧವಾಗಿ ಬಂದಾಗ ನೆಪ ಹುಡುಕಲಿಲ್ಲ. ನನಗಿಂತ ಆ ಶಿಲ್ಪಿ ಎಷ್ಟು ದೊಡ್ಡವನು ಎಂದು ನೀವೇ ನೋಡಿ. ಅವನು ವಿಗ್ರಹವನ್ನೇ ಹುಡುಗನ ಪರೀಕ್ಷೆಗೆ ಒಪ್ಪಿಸಿದ. ನಾನು ಅರ್ಧ ನಿಮಿಷದ ಒಂದು ಪ್ರಶ್ನೆಯನ್ನು ಕಾರ್ಯಕ್ರಮದಲ್ಲಿ ಉಳಿಸಿಕೊಳ್ಳಲಿಲ್ಲ.

ಆದರೆ ಕೈ ಕತ್ತರಿಸಿಕೊಂಡದ್ದನ್ನು ಮಾತ್ರ ನೀವು ಮೆಚ್ಚಬೇಡಿ. ದೋಷ ಇದ್ದದ್ದು ಕಲ್ಲಿನಲ್ಲಿ, ಕೈಯಲ್ಲಲ್ಲ. ಬೇರೆ ಕಲ್ಲು ತಂದು, ಈ ಬಾರಿ ಚೆನ್ನಾಗಿ ಪರೀಕ್ಷಿಸಿ, ಅದೇ ಕೈಯಿಂದ ಇನ್ನೊಂದು ವಿಗ್ರಹ ಕೆತ್ತಬಹುದಿತ್ತು. ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಎಂದಾದರೆ ನಾಳೆ ಯಾವ ಶಿಲ್ಪಿ ತಪ್ಪನ್ನು ಒಪ್ಪಿಕೊಳ್ಳುತ್ತಾನೆ? ನಮ್ಮ ಮನೆ, ಶಾಲೆಗಳಲ್ಲೂ ಹೀಗೇ ಆಗುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದದ್ದನ್ನು ಮಕ್ಕಳು ಮುಚ್ಚಿಡುವುದು ಸುಳ್ಳಿನ ಮೇಲಿನ ಪ್ರೀತಿಯಿಂದಲ್ಲ, ಬೀಳುವ ಏಟಿನ ಭಯದಿಂದ. ತಪ್ಪು ಒಪ್ಪಿಕೊಂಡವರನ್ನು ಅವಮಾನಿಸದ ಕಡೆ ಮಾತ್ರ ಸತ್ಯ ಹೊರಗೆ ಬರುತ್ತದೆ. ಇದನ್ನು ನಿಮ್ಮ ತಂದೆತಾಯಿಯರಿಗೂ ಓದಿ ಹೇಳಿ.

ಈ ಕಥೆ ನಿಜವಾಗಿ ನಡೆದದ್ದೇ ಎಂದು ನೀವು ಕೇಳಬಹುದು. ಕೇಳಲೇಬೇಕು. 1964ರಲ್ಲಿ ಬಂದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ನಮ್ಮ ಹಿರಿಯರಲ್ಲಿ ಅನೇಕರು ಈ ಶಿಲ್ಪಿಯನ್ನು ಆ ಚಿತ್ರದಿಂದಲೇ ಬಲ್ಲರು. ಆದರೆ ಬೇಲೂರಿನ ಕಲ್ಲುಗಳು ಬೇರೆಯ ಹೆಸರುಗಳನ್ನು ಹೇಳುತ್ತವೆ. ಹೊಯ್ಸಳ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆ ಕಟ್ಟಿಸಿದ್ದು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ ಅವರು 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಮೇಲೆಯೇ ಒಂದು ಪುಸ್ತಕ ಬರೆದರು. ವಿಗ್ರಹಗಳ ಕೆಳಗೆ ಶಿಲ್ಪಿಗಳು ತಾವೇ ಕೊರೆದ ಸಹಿಗಳಿವೆ. ಅವುಗಳಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ, ಇನ್ನೂ ಹಲವರ ಹೆಸರುಗಳಿವೆ. ಜಕಣಾಚಾರಿಯ ಹೆಸರು ಇಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಕಥೆಯಲ್ಲಿ ತಂದೆ ಮಗ ಎದುರುಬದುರು ನಿಂತರು. ಶಾಸನದಲ್ಲಿ ತಂದೆ ಮಗ ಒಂದೇ ಗುಡಿಯ ಕೆಲಸದಲ್ಲಿ ಕೈಜೋಡಿಸಿದ್ದಾರೆ. ಬೇಲೂರಿನ ಪ್ರಸಿದ್ಧ ಮದನಿಕೆಯರಲ್ಲಿ ಕೆಲವು ದಾಸೋಜನವು, ಕೆಲವು ಚಾವಣನವು. ಚಾವಣ ಉಳಿ ಹಿಡಿಯುವುದನ್ನು ತಂದೆಯ ಪಕ್ಕದಲ್ಲೇ ಕಲಿತಿರಬೇಕು. ಕಲಿಯುವಾಗ ಮೂಗು ವಕ್ರವಾದರೆ ತಂದೆ ತಿದ್ದಿರಬೇಕು. ಹಾಗೆ ಕಲಿತವನು ಕೊನೆಗೆ ತನ್ನ ಕೆಲಸದ ಕೆಳಗೆ ತನ್ನದೇ ಹೆಸರನ್ನು ಕೊರೆದ. ಈ ಕೆಲಸ ನನ್ನದು, ಇದರ ಸರಿತಪ್ಪುಗಳೂ ನನ್ನವು ಎಂಬ ಹೊಣೆ ಆ ಸಹಿಯಲ್ಲಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೀವು ಅಲ್ಲಿಗೆ ಪ್ರವಾಸ ಹೋದಾಗ ಮದನಿಕೆಯರ ಅಂದವನ್ನು ನೋಡಿ ಬರುವುದರ ಜೊತೆಗೆ ಈ ಸಹಿಗಳನ್ನೂ ಹುಡುಕಿ.

ಹಾಗಾದರೆ ಜಕಣಾಚಾರಿಯ ಕಥೆಯನ್ನು ಸುಳ್ಳೆಂದು ಎಸೆದುಬಿಡೋಣವೇ? ಬೇಡ. ಕಥೆಯನ್ನು ಕಥೆಯಾಗಿ ಪ್ರೀತಿಸಿ, ಇತಿಹಾಸವನ್ನು ಸಾಕ್ಷಿಯಿಂದ ತಿಳಿಯಿರಿ. ಎರಡನ್ನೂ ಬೆರೆಸದಿರುವುದೇ ವಿದ್ಯೆ. ಶಾಸನದಲ್ಲಿ ಹೆಸರಿಲ್ಲದಿದ್ದರೂ, ಹಿರಿಯರ ಕೆಲಸದಲ್ಲಿ ಕಿರಿಯರು ದೋಷ ಕಂಡರೆ ಹೇಳಬಹುದು, ಹಿರಿಯರು ಒಪ್ಪಿಕೊಳ್ಳಬೇಕು ಎಂಬ ಮಾತನ್ನು ನಮ್ಮ ಜನ ಈ ಕಥೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಾರೆ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಅದು ನನ್ನನ್ನು ಬಿಡದೆ ಕಾಡಿತು. ಕೊನೆಗೆ ಪುಸ್ತಕಗಳನ್ನು ಹುಡುಕಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೂ ಕಲ್ಲಿನೊಳಗಿಂದ ಜೀವಂತ ಕಪ್ಪೆ ಬಂತು ಎಂಬ ಸುದ್ದಿಗಳು ಹಬ್ಬುತ್ತಿದ್ದವು. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಅವರಿಗೆ ಇದನ್ನು ಪರೀಕ್ಷಿಸಬೇಕು ಎನಿಸಿತು. 1825ರ ನವೆಂಬರಿನಲ್ಲಿ ಅವರು 24 ನೆಲಗಪ್ಪೆಗಳನ್ನು ತೆಗೆದುಕೊಂಡರು. 12ನ್ನು ಸೂಕ್ಷ್ಮ ರಂಧ್ರಗಳಿರುವ ಸುಣ್ಣಕಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ, 12ನ್ನು ಗಟ್ಟಿಯಾದ ಮರಳುಗಲ್ಲಿನ ಗುಳಿಗಳಲ್ಲಿ ಇಟ್ಟು, ಗಾಜು ಮುಚ್ಚಿ, ಸಂದು ಬಿಡದಂತೆ ಮೆತ್ತಿ, ತಮ್ಮ ತೋಟದಲ್ಲಿ ಮೂರು ಅಡಿ ಆಳದಲ್ಲಿ ಹೂತರು. ಒಂದು ವರ್ಷ ಕಳೆದು 1826ರ ಡಿಸೆಂಬರಿನಲ್ಲಿ ತೆಗೆದು ನೋಡಿದರು. ಮರಳುಗಲ್ಲಿನಲ್ಲಿದ್ದವು ಎಲ್ಲವೂ ಸತ್ತಿದ್ದವು. ಸುಣ್ಣಕಲ್ಲಿನಲ್ಲಿದ್ದ ಸಣ್ಣ ಕಪ್ಪೆಗಳೂ ಸತ್ತಿದ್ದವು. ಅದರಲ್ಲಿದ್ದ ದೊಡ್ಡ ಕಪ್ಪೆಗಳಲ್ಲಿ ಹೆಚ್ಚಿನವು ಇನ್ನೂ ಬದುಕಿದ್ದವು! ಒಂದರ ತೂಕವಂತೂ ಹೆಚ್ಚಾಗಿತ್ತು. ಅದರ ಗಾಜಿನಲ್ಲಿ ಸಣ್ಣ ಬಿರುಕಿತ್ತು, ಅಲ್ಲಿಂದ ಹುಳುಗಳು ಒಳಗೆ ಹೋಗಿರಬಹುದು ಎಂದು ಅವರು ಊಹಿಸಿದರು. ಉಳಿದವನ್ನು ಮತ್ತೆ ಹೂತರು. ಎರಡನೆಯ ವರ್ಷ ಮುಗಿಯುವುದರೊಳಗೆ ಎಲ್ಲವೂ ಸತ್ತವು. ಗಾಳಿ ಪೂರ್ತಿ ತಪ್ಪಿದರೆ ಕಪ್ಪೆ ಒಂದು ವರ್ಷ ಬದುಕದು, ಆಹಾರ ಪೂರ್ತಿ ತಪ್ಪಿದರೆ ಪ್ರಾಯಶಃ ಎರಡು ವರ್ಷ ಬದುಕದು ಎಂಬ ತೀರ್ಮಾನಕ್ಕೆ ಬಕ್‌ಲ್ಯಾಂಡ್ ಬಂದರು. ಮೂಕಪ್ರಾಣಿಗಳನ್ನು ಹೀಗೆ ಹಿಂಸಿಸುವ ಪ್ರಯೋಗವನ್ನು ಇಂದು ಯಾರೂ ಒಪ್ಪುವುದಿಲ್ಲ. ತಿಳಿಯುವ ಹಂಬಲಕ್ಕೂ ಕರುಣೆಯ ಕಡಿವಾಣ ಬೇಕು ಎಂಬುದನ್ನು ಮನುಷ್ಯ ಆಮೇಲೆ ಕಲಿತ.

ಬೇಲೂರಿನ ಕಲ್ಲು ಯಾವುದು? ನಾವು ಬಳಪದ ಕಲ್ಲು ಎನ್ನುವ ಜಾತಿಯದು. ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ ಶಿಲೆ. ಮೃದುವಾದ್ದರಿಂದಲೇ ಅದರಲ್ಲಿ ಅಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು. ಆ ಶಿಲೆ ಹುಟ್ಟುವಾಗ ಒಳಗೆ ಸಿಕ್ಕಿಕೊಂಡ ಯಾವ ಕಪ್ಪೆಯೂ ಉಳಿಯುವಂತಿಲ್ಲ. ಆದರೆ ಕಲ್ಲಿನಲ್ಲಿ ಹೊರಗಿನವರೆಗೆ ಒಂದು ಬಿರುಕಿದ್ದು, ಅದರಲ್ಲಿ ನೀರು ಜಿನುಗುತ್ತಿದ್ದರೆ, ಮರಿಗಪ್ಪೆ ನುಸುಳಿ, ಸಿಕ್ಕ ಹುಳು ತಿಂದು, ಬೆಳೆದು, ಹೊರಬರಲಾರದೆ ಕೆಲವು ಕಾಲ ಇದ್ದೀತು. ಕಪ್ಪೆ ಶ್ವಾಸಕೋಶದಿಂದ ಮಾತ್ರವಲ್ಲ, ಒದ್ದೆಯಾದ ಚರ್ಮದಿಂದಲೂ ಉಸಿರಾಡುತ್ತದೆ. ಗಾಳಿಯ ದಾರಿಯೂ ಆಹಾರದ ದಾರಿಯೂ ಇಲ್ಲದಿದ್ದರೆ ಇಲ್ಲ. ಇದೇ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅವಳ ಎರಡು ಸಾಲಿನ ಪ್ರಶ್ನೆಯಲ್ಲಿ ಜೀವಶಾಸ್ತ್ರವೂ ಭೂವಿಜ್ಞಾನವೂ ಇದ್ದವು. ನಾನು ಕೂತ್ಕೋ ಎಂದಿದ್ದೆ.

ನಮ್ಮ ನಾಡಿನಲ್ಲಿ ಪ್ರಶ್ನೆಯನ್ನೇ ಬದುಕಿನ ಧರ್ಮ ಮಾಡಿಕೊಂಡ ಮೇಷ್ಟ್ರೊಬ್ಬರಿದ್ದರು, ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದವರು, ಓದಿಗಾಗಿ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದವರು. ಅಮೆರಿಕದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿ ತೊಟ್ಟು, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬದುಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಬದುಕಿನ ರೀತಿ ಬದಲಾಗಲಿಲ್ಲ. ಯಾರೇ ಹೇಳಿರಲಿ, ಪ್ರಶ್ನೆ ಮಾಡದೆ ಒಪ್ಪಬೇಡಿ ಎಂದು 2005ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇದ್ದರು. ಅವರ ಬದುಕಿನಲ್ಲಿ ಸರಳತೆ, ಪ್ರಾಮಾಣಿಕತೆ ಮತ್ತು ಪ್ರಶ್ನೆ ಕೇಳುವ ಗುಣ ಒಟ್ಟಿಗೇ ಇದ್ದವು. ಕಲಿಕೆ ಒಂದು ಕಡೆ, ಸದ್ಗುಣ ಇನ್ನೊಂದು ಕಡೆ ಎಂದು ಅವು ಬೇರೆಬೇರೆಯಲ್ಲ. ಸತ್ಯ ಬೇಕು ಎನ್ನುವವನು ತನ್ನ ತಪ್ಪನ್ನೂ ನೋಡಲು ಸಿದ್ಧನಿರಬೇಕು. ಆಗ ಓದು ತಾನಾಗಿಯೇ ನಡತೆಯಾಗುತ್ತದೆ.

ಇದನ್ನು ನೀವು ದಿನನಿತ್ಯ ರೂಢಿಸಿಕೊಳ್ಳುವುದು ಹೇಗೆ? ಮೊದಲನೆಯದು, ಪ್ರಶ್ನೆಯನ್ನು ವಿನಯದಿಂದ ಕೇಳಿ. "ನೀವು ಹೇಳಿದ್ದು ತಪ್ಪು" ಎನ್ನುವುದಕ್ಕಿಂತ "ಸಾರ್, ಇದು ನನಗೆ ಹೀಗೆ ಕಾಣುತ್ತಿದೆ, ಪರೀಕ್ಷಿಸಿ ನೋಡೋಣವೇ?" ಎನ್ನುವುದು ಮೇಲು. ಎರಡನೆಯದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಆ ಒಂದು ಮಾತು ಆಡಲಾಗದೆ ನಾನು ಎಷ್ಟು ಸಣ್ಣವನಾದೆ ಎಂದು ಓದಿದಿರಿ. ಮೊಬೈಲಿಗೆ ಬಂದ ಸುದ್ದಿಯನ್ನು ಹತ್ತು ಜನಕ್ಕೆ ಕಳುಹಿಸುವ ಮೊದಲು ಇದು ನಿಜವೆಂದು ನನಗೆ ಹೇಗೆ ಗೊತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳುವುದೂ ಇದೇ ಅಭ್ಯಾಸ. ಮೂರನೆಯದು ಎಲ್ಲಕ್ಕಿಂತ ಕಷ್ಟ. ನೀವು ಚಿಕ್ಕವರು ಎಂದುಕೊಂಡಿದ್ದೀರಿ, ಆದರೆ ಮನೆಯಲ್ಲಿ ತಮ್ಮನಿಗೆ, ತಂಗಿಗೆ, ಶಾಲೆಯಲ್ಲಿ ಕೆಳಗಿನ ತರಗತಿಯವರಿಗೆ ನೀವೇ ಹಿರಿಯರು. ನಿಮ್ಮ ಲೆಕ್ಕದಲ್ಲಿ ತಪ್ಪಿದೆ ಎಂದು ತಂಗಿ ತೋರಿಸಿದರೆ, "ಹೋಗೇ, ನಿನಗೇನು ಗೊತ್ತು" ಎನ್ನಬೇಡಿ. ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ. ಅವಳು ಹೇಳಿದ್ದು ಸರಿಯಿದ್ದರೆ ಹಾಗೆಂದು ಅವಳಿಗೆ ಹೇಳಿ. ಅಂದು ನೀವು ಒಂದು ಗೇಣು ಬೆಳೆದಿರುತ್ತೀರಿ.

ಗೆಂಡೆಹಳ್ಳಿಯ ಆ ಪುಟ್ಟ ಹುಡುಗನ ಮಾತಿಗೆ ಉತ್ತರವೂ ಇದೇ. ದೊಡ್ಡವರಾಗುವುದು ಎಂದರೆ ತಪ್ಪು ಮಾಡಿದರೂ ಯಾರೂ ಬೈಯದಿರುವುದಲ್ಲ ಮಗು. ಯಾರೂ ಬೈಯದಿದ್ದಾಗಲೂ ತನ್ನ ತಪ್ಪನ್ನು ತಾನೇ ಹೇಳಿ ತಿದ್ದಿಕೊಳ್ಳುವುದು.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಕಾಲೇಜಿನಲ್ಲಿರಬಹುದು. ಈ ಪುಟ ಅವಳ ಕಣ್ಣಿಗೆ ಬಿದ್ದರೂ ಬೀಳಬಹುದು. ಅಮ್ಮಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ಕೂತ್ಕೋ ಎಂದದ್ದು ನನ್ನ ತಪ್ಪು, ಅದನ್ನು ಕತ್ತರಿಸಿದ್ದು ಇನ್ನೂ ದೊಡ್ಡ ತಪ್ಪು. ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲೂ ಏನಾದರೂ ದೋಷ ಕಂಡರೆ ಸಂಕೋಚವಿಲ್ಲದೆ ಬರೆದು ತಿಳಿಸು. ಈ ಸಲ ಪತ್ರವನ್ನು ಪೂರ್ತಿ ಓದುತ್ತೇನೆ.